ಐದು ಮೈಲಿ ವೇಗದ ಅನಸೂಯ

ಬೆಳಗಿನ ಆರೂವರೆ. ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್ ಊರಿನ ಹಳೆಯ ಗೋದಾಮೊಂದರ ಹಿಂದಿನ ಅಂಗಳದಲ್ಲಿ ಒಂದು ಕಾರು ನನ್ನ ಪಕ್ಕದಲ್ಲೇ ಬರುತ್ತಿದೆ. ಮನಸ್ಸು ಮಾಡಿದರೆ ಗಂಟೆಗೆ ನೂರೈವತ್ತು ಮೈಲಿ ಓಡುವ ಕಾರಂತೆ ಅದು. ಸದ್ಯಕ್ಕೆ ಅದರ ಜತೆ ನಾನು ನಡೆಯುತ್ತಿದ್ದೇನೆ, ನಡೆಯುತ್ತ ನಡೆಯುತ್ತ ಅದನ್ನು ಹಿಂದೆ ಹಾಕಿಯೂ ಬಿಟ್ಟಿದ್ದೇನೆ. ಶಾಲೆಯಲ್ಲಿ ನಿಂಬೆಹಣ್ಣು-ಚಮಚದ ಓಟವನ್ನೂ ಗೆಲ್ಲದ ನನಗೆ ಇದೊಂದು ದೊಡ್ಡ ಸಾಧನೆ.

ಇನ್ನೂ ಮಾರುಕಟ್ಟೆಗೆ ಬಾರದ ಕಾರಾದ್ದರಿಂದ ಮೂತಿಯಿಂದ ಬಾಲದವರೆಗೆ ಕಪ್ಪು ಹೊದಿಕೆ. ಕಂಬಳಿ ಹೊದ್ದ ಎಮ್ಮೆಯಂತೆ ಕಾಣುವ ಅದರ ಆಕಾರವನ್ನು ನಾನು ಇದಕ್ಕಿಂತ ಹೆಚ್ಚು ವರ್ಣಿಸುವಂತಿಲ್ಲ. ಕಂಪನಿಯ ಹೆಸರನ್ನಂತೂ ಹೇಳುವಂತೆಯೇ ಇಲ್ಲ. ಹಾಗೆಂದು ಮಾತು ಕೊಟ್ಟ ಮೇಲೇ ನನ್ನನ್ನು ಗೇಟಿನೊಳಗೆ ಬಿಟ್ಟದ್ದು. ಸ್ಟೀರಿಂಗ್ ಹಿಂದೆ ಕೂತಿರುವವರ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಬರೆಯಬಹುದು. ಯಾಕೆಂದರೆ ಅವರ ಬಗ್ಗೆ ಯಾರೂ ಕೇಳುವುದೇ ಇಲ್ಲ.

ಅವರು ಅನಸೂಯ. ವಯಸ್ಸು ನಲವತ್ತಾರು, ಮೈಸೂರಿನ ನಜರ್‌ಬಾದಿನವರು. ಚೂಡಿದಾರದ ಮೇಲೆ ಗಂಡನ ಹಳೆಯ ಸ್ವೆಟರ್, ಕಾಲಿಗೆ ತೆಳು ಅಟ್ಟೆಯ ಬಟ್ಟೆ ಬೂಟು. ದಪ್ಪ ಅಟ್ಟೆಯದು ಯಾಕಿಲ್ಲ ಎಂದರೆ, ಕಿಟಕಿ ಇಳಿಸಿ ನಗುತ್ತಾರೆ. "ಉಣ್ಣೋವಾಗ ಗ್ಲೌಸ್ ಹಾಕ್ಕೋತೀರಾ? ಪೆಡಲ್ ಏನು ಹೇಳುತ್ತೆ ಅಂತ ಅಂಗಾಲಿಗೆ ಗೊತ್ತಾಗ್ಬೇಕಲ್ವಾ?"

ಈ ಕಾರಿನ ಕಥೆ ವಿಚಿತ್ರವಾಗಿದೆ. ಎರಡೇ ಸೀಟಿನ, ನೆಲಕ್ಕೆ ಅಂಟಿದಂತೆ ಓಡುವ ರೇಸಿನ ಕುದುರೆಗಳಂಥ ಕಾರುಗಳನ್ನು ಮಾಡಿ ಹೆಸರು ಗಳಿಸಿದ ಯುರೋಪಿನ ಕಂಪನಿ ಅದು. ಅದರ ಗಿರಾಕಿಗಳಿಗೂ ಮದುವೆಯಾಯಿತು, ಮಕ್ಕಳಾದವು. ಶನಿವಾರ ಮಾತ್ರ ಕುದುರೆ ಹೊರಗೆ, ಉಳಿದ ದಿನಗಳಲ್ಲಿ ಮಕ್ಕಳ ಸೀಟು, ಹಾಲಿನ ಕ್ಯಾನು, ಹಿಮದ ಸಲಿಕೆ ಹೊರಲು ಬೇರೆ ಕಂಪನಿಯ ಎತ್ತರದ ಎಸ್‌ಯುವಿ. ಮನೆ ಮುಂದೆ ಆ ಎರಡನೇ ಗಾಡಿಯೂ ನಮ್ಮದೇ ಯಾಕಾಗಬಾರದು ಎಂದು ಕಂಪನಿಯವರಿಗೆ ಆಸೆ ಹುಟ್ಟಿದೆ. ಎತ್ತರ ಕೂತರೂ ತಿರುವಿನಲ್ಲಿ ತೂಗಾಡಬಾರದು, ಎರಡು ಟನ್ ತೂಗಿದರೂ ಬಾಣದಂತೆ ಚಿಮ್ಮಬೇಕು, ಹಾಗೆ ಚಿಮ್ಮುವಾಗ ಹಿಂದಿನ ಸೀಟಿನ ಮಗು ಏಳಬಾರದು. ವೇಗ ಹೆಚ್ಚಿದರೆ ಕಾರು ತಾನೇ ತಗ್ಗುತ್ತದೆ, ಹಿಮ ಬಂದರೆ ತಾನೇ ಎತ್ತರಕ್ಕೇಳುತ್ತದೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ಅಂಥ ಗಾಡಿ.

ಈ ಆಸೆಯನ್ನು ಈಡೇರಿಸಲು ಒಂದು ತಂಡ ಮರುಭೂಮಿಗೆ ಹೋಗಿದೆ, ಇನ್ನೊಂದು ಹೆಪ್ಪುಗಟ್ಟಿದ ಕೆರೆಯ ಮೇಲೆ ಓಡಿಸುತ್ತಿದೆ. ಮೂರನೆಯದು ನ್ಯೂಜೆರ್ಸಿಗೆ ಬಂದು ಈ ಗೋದಾಮನ್ನು ಬಾಡಿಗೆಗೆ ಹಿಡಿದಿದೆ. ಇಲ್ಲಿ ಮರುಭೂಮಿಯಿಲ್ಲ, ಹಿಮದ ಕೆರೆಯೂ ಇಲ್ಲ. ಇರುವುದು ಹೋಬೋಕನ್ ಕಡೆಯ ಇಕ್ಕಟ್ಟು ಪಾರ್ಕಿಂಗು, ಸುರಂಗದ ಬಾಯಲ್ಲಿ ಇರುವೆ ಸಾಲಿನಂಥ ಟ್ರಾಫಿಕ್ಕು, ಹಿಮ ಕರಗಿಸಲು ಸುರಿದ ಉಪ್ಪು ತಿಂದು ಗುಂಡಿಬಿದ್ದ ರಸ್ತೆಗಳು. ಕೊಳ್ಳುವವರು ದಿನಾ ಓಡಿಸುವುದು ಇಂಥಲ್ಲೇ ಎಂಬುದು ಲೆಕ್ಕಾಚಾರ. ನೂರೈವತ್ತು ಮೈಲಿ ವೇಗಕ್ಕೆ ಬೇರೆ ಡ್ರೈವರುಗಳಿದ್ದಾರೆ, ಅವರ ಫೋಟೋ ಪತ್ರಿಕೆಗಳಲ್ಲಿ ಬರುತ್ತದೆ. ಅನಸೂಯ ಐದು ಮೈಲಿಯವರು.

ನಿಧಾನ ಅವರಿಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ಸುಬ್ಬು ಮೇಷ್ಟ್ರು ನಜರ್‌ಬಾದಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಚಾಮುಂಡಿಬೆಟ್ಟದ ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರದ ಹಿಂಬದಿಗೆ ತಾಗಿಸಿ ಬೆಂಕಿಪೆಟ್ಟಿಗೆ ಇಟ್ಟು, ಅದು ನಜ್ಜುಗುಜ್ಜಾಗದಂತೆ ಹೊರಡು ಅನ್ನುವುದು ಅವರ ಪರೀಕ್ಷೆ. "ನಾನು ಎಷ್ಟು ಪೆಟ್ಟಿಗೆ ಅಪ್ಪಚ್ಚಿ ಮಾಡಿದೀನಿ ಅಂದ್ರೆ, ಅಮ್ಮ ಒಲೆ ಹಚ್ಚೋಕೆ ಪಕ್ಕದ ಮನೇಲಿ ಕಡ್ಡಿ ಕೇಳ್ತಿದ್ರು," ಅನ್ನುತ್ತಾರೆ ಮಗಳು. ಮದುವೆಯಾಗಿ ಇಲ್ಲೇ ಪಕ್ಕದ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದಾಗ ಗಂಡ ದಿವಾಕರ ಬೆಳಿಗ್ಗೆ ಹೋಬೋಕನ್‌ವರೆಗೆ ರೈಲು, ಅಲ್ಲಿಂದ ಫೆರಿ ದೋಣಿ ಹಿಡಿದು ಮ್ಯಾನ್‌ಹಟನ್‌ಗೆ ಹೋದರೆ ಬರುವುದು ಕತ್ತಲಾದ ಮೇಲೆ. ವರ್ಕ್ ಪರ್ಮಿಟ್ ಬರುವವರೆಗೆ ಅನಸೂಯ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಎದುರುಮನೆಯವರು ಕಾರನ್ನು ಹೇಗೆ ರಿವರ್ಸ್ ತೆಗೆಯುತ್ತಾರೆ ಎಂದು ನೋಡಿ ತಪ್ಪು ಎಣಿಸುತ್ತಿದ್ದರಂತೆ!

ಪರ್ಮಿಟ್ ಬಂದ ಮೇಲೆ, ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುವ, ಎರಡು ಬ್ರೇಕಿನ ಹಳೆಯ ಕಾರೊಂದನ್ನು ಕೊಂಡು, ಸುತ್ತಮುತ್ತಲ ನಮ್ಮ ಹೆಣ್ಣುಮಕ್ಕಳಿಗೆ ಡ್ರೈವಿಂಗ್ ಕಲಿಸಲು ಹೊರಟರು. ಈ ಊರಲ್ಲಿ ಡ್ರೈವಿಂಗ್ ಬಾರದ ಹೆಂಗಸೆಂದರೆ ಮನೆಯೊಳಗಿನ ಕೈದಿಯೇ. ಹಾಲಿಗೂ ಗಂಡ ಬರಬೇಕು, ಗುಡಿಗೂ ಗಂಡ ಬರಬೇಕು. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳು ಕೆಡುತ್ತವೆಂಬ ವೈ-ಟು-ಕೆ ಗಲಾಟೆಯಲ್ಲಿ ಬೆಂಗಳೂರಿನಿಂದ ವಿಮಾನಗಟ್ಟಲೆ ಇಂಜಿನಿಯರುಗಳು ಬಂದು ಇಳಿದಾಗ, ಅವರ ಹೆಂಡತಿಯರೆಲ್ಲ ಅನಸೂಯ ಅವರ ಪಕ್ಕದ ಸೀಟಿಗೆ ಬಂದರು. ಆ ಪೈಕಿ ಒಬ್ಬಾಕೆಯ ಗಂಡ ಶಿವಪ್ರಕಾಶ್. ಧಾರವಾಡದವರು, ಈ ಗೋದಾಮಿನಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯುವವರು. ಕಂಪನಿಗೆ ಸಾಮಾನ್ಯ ಜನರಂತೆ ಓಡಿಸುವ ಒಬ್ಬರು ಬೇಕು ಎಂದಾಗ ಅವರೇ ಈ ಹೆಸರು ಸೂಚಿಸಿದ್ದು.

ಕಾರಿಗೂ ಸಾಫ್ಟ್‌ವೇರಿಗೂ ಏನು ಸಂಬಂಧ ಎಂದು ನಾನು ಪೆದ್ದುಪೆದ್ದಾಗಿ ಕೇಳಿದೆ. ಶಿವಪ್ರಕಾಶ್ ಬೇಸರಿಸದೆ ಹೇಳಿದರು: "ಮೊದಲೆಲ್ಲಾ ಪೆಡಲ್‌ದಿಂದ ಇಂಜಿನ್‌ತನಕ ಒಂದು ತಂತಿ ಇರ್ತಿತ್ರೀ. ಈಗ ಅದಿಲ್ಲ. ಕಾಲು ಅರ್ಜಿ ಹಾಕ್ತದ, ಕಂಪ್ಯೂಟರ್ ಮಂಜೂರು ಮಾಡ್ತದ. ಎಷ್ಟು ಮಂಜೂರು ಮಾಡ್ಬೇಕು ಅನ್ನೋದು ನಾ ಬರ್ಯಾವ." ಸರ್ಕಾರಿ ಕಚೇರಿಗಳನ್ನು ಕಂಡಿರುವ ನನಗೆ ತಟ್ಟನೆ ಅರ್ಥವಾಯಿತು.

ಕಳೆದ ವರ್ಷ ಕೆಲಸಕ್ಕೆ ಸೇರಿದ ತಿಂಗಳಲ್ಲೇ ಅನಸೂಯ ಒಂದು ದೂರು ಹೇಳಿದ್ದರು. ತೆವಳುವ ವೇಗದಲ್ಲಿ ಪೆಡಲನ್ನು ಅಳುಕುತ್ತ ಒತ್ತಿದರೆ ಕಾರು ಮೊದಲು ಕಿವುಡಾಗುತ್ತದೆ, ಆಮೇಲೆ ಹಾರುತ್ತದೆ. ತಂಡದ ಮುಖ್ಯಸ್ಥ ಫ್ರಾಂಕ್ ಜೆರ್ಸಿಯವನೇ, ಒಳ್ಳೆಯ ಮನುಷ್ಯ. ಮಾತನ್ನು ತಳ್ಳಿಹಾಕದೆ ತಾನೇ ಓಡಿಸಿ ನೋಡಿದ, ಏನೂ ಆಗಲಿಲ್ಲ. ರೇಸ್ ಡ್ರೈವರುಗಳನ್ನು ಕೂರಿಸಿ ನೋಡಿದ, ಆಗಲೂ ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು. ಅಳತೆಗೆ ಸಿಗದ ದೋಷವನ್ನು ತಿದ್ದುವುದು ಹೇಗೆ ಎಂದು ಆತ ಕೈಚೆಲ್ಲಿದ. ಅದೂ ನ್ಯಾಯವೇ.

ಅನಸೂಯ ಮಾತ್ರ ಬಿಡಲಿಲ್ಲ. ಬಿಡದಿರಲು ಕಾರಣವಿತ್ತು. ಆ ಕಾರಣದ ಹೆಸರು ಸುಧಾಮಣಿ.

ಸುಧಾಮಣಿ ಅವರ ಶಿಷ್ಯೆ. ಹಾಸನದ ಕಡೆಯವರು, ಎರಡನೇ ಪ್ರಯತ್ನಕ್ಕೆ ಲೈಸೆನ್ಸ್ ಪಡೆದವರು. ಕಳೆದ ವರ್ಷ ಫೆಬ್ರವರಿಯ ಚಳಿಯಲ್ಲಿ, ತಮ್ಮ ಮನೆಯ ವ್ಯಾನನ್ನು ಗ್ಯಾರೇಜಿಗೆ ಹತ್ತಿಸುತ್ತಿದ್ದರು. ಇಲ್ಲಿಯ ಮನೆಗಳಲ್ಲಿ ರಸ್ತೆಯಿಂದ ಬರುವ ಡ್ರೈವ್‌ವೇ ಮುಗಿದು ಗ್ಯಾರೇಜು ಶುರುವಾಗುವಲ್ಲಿ ಒಂದು ಸಣ್ಣ ಹೊಸ್ತಿಲಿರುತ್ತದೆ. ಅದರ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಚಕ್ರ ಹೊಸ್ತಿಲಿಗೆ ತಡೆದು ನಿಂತಿತು. ಸುಧಾಮಣಿ ಹೆದರಿ ಸ್ವಲ್ಪ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ವ್ಯಾನು ಒಮ್ಮೆಲೇ ನೆಗೆದು ಒಳಗಿದ್ದ ಮಗಳ ಸೈಕಲನ್ನು ಗೋಡೆಗೆ ಒತ್ತಿ ಹಪ್ಪಳ ಮಾಡಿತು. ಮಗಳು ಆಗಷ್ಟೇ ಸೈಕಲ್ ಇಳಿದು ಒಳಗೆ ಹೋಗಿದ್ದಳು. ಅಂದಿನಿಂದ ಸುಧಾಮಣಿ ಕಾರಿನ ಕೀ ಮುಟ್ಟಿಲ್ಲ.

"ಅವಳು ಫೋನ್ ಮಾಡಿ ಅತ್ತಿದ್ದು ಇನ್ನೂ ಕಿವೀಲಿದೆ," ಅನ್ನುತ್ತಾರೆ ಅನಸೂಯ. "ಈ ಕಾರಲ್ಲಿ ಕೂತಾಗ ಅದೇ ತರಹದ್ದು ಏನೋ ಅಂಗಾಲಿಗೆ ಬಂತು. ಇದು ಆ ವ್ಯಾನಿನ ಹತ್ತು ಪಟ್ಟು ಜೋರು. ಇದನ್ನ ಓಡಿಸೋರು ಬರೀ ಶೂರರಾ? ಭಯಪಡೋರೂ ಓಡಿಸ್ತಾರೆ. ಅವರ ಗ್ಯಾರೇಜಲ್ಲೂ ಸೈಕಲ್ ಇರುತ್ತೆ."

ಹೇಳಿದ್ದನ್ನೇ ಎಷ್ಟು ಸಲ ಹೇಳುವುದು? ಹೀಗೇ ದಿನ ಉರುಳುತ್ತಿರುವಾಗ ಆಯುಧಪೂಜೆ ಬಂತು. ಆ ಹೊತ್ತಿಗೆ ಅತ್ತೆ ಕೃಷ್ಣಮ್ಮ ಮೈಸೂರಿನಿಂದ ಬಂದಿದ್ದರು. ಸೊಸೆ ದಿನಾ ಕಪ್ಪು ಬಟ್ಟೆ ಸುತ್ತಿದ ಗಾಡಿ ಓಡಿಸುತ್ತಾಳೆ ಎಂದು ತಿಳಿದಾಗಿನಿಂದ ಅವರಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಹೊಸ ಗಾಡಿಗೆ ಅರಿಸಿನ ಕುಂಕುಮ ಬಿಟ್ಟು ಯಾರಾದರೂ ಕಪ್ಪು ಸುತ್ತುತ್ತಾರೆಯೇ? ಪೂಜೆ ಮಾಡದೆ ಇನ್ನೊಂದು ದಿನ ಅದನ್ನು ಮುಟ್ಟಕೂಡದು ಎಂದು ಕಟ್ಟಪ್ಪಣೆಯಾಯಿತು. ಅನಸೂಯ ಸಂಕೋಚದಿಂದಲೇ ಫ್ರಾಂಕನನ್ನು ಕೇಳಿದರು. ಪೆಟ್ರೋಲ್ ಇರುವ ಕಡೆ ಕರ್ಪೂರ ಬೇಡ, ಕಾಯಿ ಹೊರಗೆ ಒಡೆಯಿರಿ, ಉಳಿದದ್ದು ನಿಮ್ಮಿಷ್ಟ ಎಂದ ಆತ, ಕೈಕಟ್ಟಿ ನೋಡುತ್ತ ನಿಂತ.

ಪೂಜೆ ಶಾಸ್ತ್ರೋಕ್ತವಾಗಿಯೇನೂ ನಡೆಯಲಿಲ್ಲ. ನಮ್ಮೂರ ತೆಳುಸಿಪ್ಪೆಯ ಪುಟ್ಟ ನಿಂಬೆಹಣ್ಣು ಸಿಗದೆ ಅನಸೂಯ ಸೂಪರ್‌ಮಾರ್ಕೆಟ್ಟಿನ ದಪ್ಪ ಸಿಪ್ಪೆಯ ಹಳದಿ ಹಣ್ಣು ತಂದಿದ್ದರು. ಅದೂ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದು ಕಲ್ಲಾಗಿತ್ತು. ಕಾರು ನಿಂತಿದ್ದದ್ದೋ ಗೋದಾಮಿನ ಬಾಗಿಲ ಏರಿನ ಮೇಲೆ. ಸಮತಟ್ಟಿಗೆ ತರೋಣವೆಂದರೆ ಶಿವಪ್ರಕಾಶ್ ಅರ್ಧ ಕೆಲಸದಲ್ಲಿದ್ದರು. ಅವರ ಲ್ಯಾಪ್‌ಟಾಪಿನ ವೈರು ಕಾರಿನೊಳಗೇ ಇತ್ತು. ಇರಲಿ ಬಿಡಿ ಎಂದು ಅಲ್ಲೇ ನಾಲ್ಕು ಚಕ್ರಕ್ಕೂ ನಾಲ್ಕು ಹಣ್ಣನ್ನು ಒತ್ತಿ ಇಟ್ಟು, ಅನಸೂಯ ಕೈಮುಗಿದು ಕಾರು ಹತ್ತಿದರು.

ಬ್ರೇಕ್ ಬಿಟ್ಟರು, ಕಾರು ಕದಲಲಿಲ್ಲ. ಪೆಡಲಿಗೆ ಕಾಲು ತಾಗಿಸಿದರು, ಇಲ್ಲ. ಹಣ್ಣು ಪಕ್ಕಕ್ಕೆ ಜಾರಿದರೆ ಅಪಶಕುನವಾದೀತೆಂಬ ಅಳುಕಿನಲ್ಲಿ ಬಿಟ್ಟು, ಮತ್ತೆ ಚೂರೇ ಒತ್ತಿದರು. ಕಾರು ಗಕ್ಕನೆ ಹಾರಿತು! ಹಿಂದಿನ ಚಕ್ರದ ಹಣ್ಣೊಂದು ಗುಂಡಿನಂತೆ ಸಿಡಿದು ಹಿಂದಿನ ಬೇಲಿಗೆ ಬಡಿಯಿತು. ಅನಸೂಯ ಬ್ರೇಕ್ ತುಳಿದಾಗ ಕಾರಿನ ಮೂತಿಗೂ ಗೋದಾಮಿನೊಳಗಿದ್ದ ಫ್ರಾಂಕನ ಮೇಜಿಗೂ ಒಂದು ಗೇಣು ಅಂತರ. ಮೇಜಿನ ಮೇಲಿದ್ದ ಕಾಫಿ ತುಳುಕಿತೇ ಹೊರತು ಯಾರಿಗೂ ಏನೂ ಆಗಲಿಲ್ಲ. ಬೆಟ್ಟ ಹತ್ತುವ ಕಾರು ನಿಂಬೆಹಣ್ಣಿನ ಮುಂದೆ ತಡವರಿಸಿತ್ತು.

"ನಾ ಲ್ಯಾಪ್‌ಟಾಪ್ ನೋಡಿದ್ನಿ," ಶಿವಪ್ರಕಾಶ್ ಈಗಲೂ ಕಣ್ಣರಳಿಸುತ್ತಾರೆ. "ಅಕ್ಕಾರು ಹೇಳಿದ್ದು ಅಷ್ಟೂ ಪರದೆ ಮ್ಯಾಲೆ ಗೆರಿ ಎಳದಂಗ ಬಂದಿತ್ತ್ರೀ. ನಾವು ಮರದ ದಿಮ್ಮಿ ಹತ್ತಿಸಿದ್ವಿ, ಬಂಡಿಗಲ್ಲು ಹತ್ತಿಸಿದ್ವಿ. ಇಷ್ಟು ಸಣ್ಣದು ಯಾರೂ ಇಟ್ಟಿರ್ಲಿಲ್ಲ. ಸಣ್ಣ ಅಡ್ಡಿ, ಅಂಜಿದ ಕಾಲು, ಎರಡೂ ಕೂಡಿದ್ರ ಮಾತ್ರ ಆಗೋದು ಅದು." ಗಟ್ಟಿ ಕಾಲಿನ ಡ್ರೈವರುಗಳಿಗೆ ಅದು ಕಾಣದಿದ್ದದ್ದಕ್ಕೆ ಅದೇ ಕಾರಣ. ಫ್ರಾಂಕ್ ತುಳುಕಿದ ಕಾಫಿ ಒರೆಸುವುದನ್ನೂ ಬಿಟ್ಟು ಕೇಳಿದ ಮೊದಲ ಪ್ರಶ್ನೆ, ಇನ್ನೂ ಹಣ್ಣುಗಳಿವೆಯೇ ಎಂದು.

ಆ ವಾರ ಈಸ್ಟ್ ಬ್ರನ್ಸ್‌ವಿಕ್ಕಿನ ಅಂಗಡಿಗಳಲ್ಲಿ ನಿಂಬೆಹಣ್ಣಿಗೆ ಬರ ಬಂದಿರಬೇಕು. ಮನೆಯಲ್ಲಿ ಕೃಷ್ಣಮ್ಮನವರದು ಬೇರೆಯೇ ಅಸಮಾಧಾನ. "ಫ್ರಿಜ್ಜಲ್ಲಿಟ್ಟ ಕಲ್ಲಿನಂಥ ಹಣ್ಣು ಇಟ್ಟು, ಏರಲ್ಲಿ ನಿಲ್ಲಿಸಿ ಪೂಜೆ ಮಾಡ್ತಾರೇನೇ? ನಿಮ್ಮಪ್ಪ ಬೆಂಕಿಪೊಟ್ಟಣ ಇಟ್ಟಿದ್ದು ಸಾಲ್ದು ಅಂತ ನೀನು ಮೂಸಂಬಿ ಇಟ್ಯಾ?" ಎಂದು ಸೊಸೆಯನ್ನು ತರಾಟೆಗೆ ತೆಗೆದುಕೊಂಡರಂತೆ. ಶಾಸ್ತ್ರ ತಪ್ಪಿದ್ದರಿಂದಲೇ ಗುಟ್ಟು ರಟ್ಟಾದದ್ದು ಎಂದರೆ ಅವರು ಒಪ್ಪಲಿಲ್ಲ.

ದೋಷ ಸಿಕ್ಕಿತು, ತಿದ್ದುವುದು ಸುಲಭವಾಗಲಿಲ್ಲ. ಆ ಚಿಮ್ಮುವ ಗುಣವೇ ಕಂಪನಿಯ ಪ್ರಾಣ. ಮುಖ್ಯ ಕಚೇರಿಯವರು ಒಪ್ಪಲಿಲ್ಲ. "ಹುಲಿಗೆ ಹುಲ್ಲು ತಿನ್ನಸಾಕ ಹೊಂಟೀರೇನು ಅಂತ ಅವರ ಭಾಷಾದಾಗ ಬೈದ್ರು," ಎನ್ನುತ್ತಾರೆ ಶಿವಪ್ರಕಾಶ್. ಕೊನೆಗೆ ಒಂದು ದಾರಿ ಹೊಳೆಯಿತು. ಕಾಲು ಗಟ್ಟಿಯಾಗಿ ಒತ್ತಿದರೆ ಕಾರು ಮೊದಲಿನ ಹುಲಿಯೇ. ಕಾಲು ಅಳುಕಿದರೆ ಕಂಪ್ಯೂಟರೂ ಅಷ್ಟಷ್ಟೇ ಮಂಜೂರು ಮಾಡಬೇಕು. ಹೇಳುವುದಕ್ಕೆ ಎರಡು ಸಾಲು, ಬರೆಯುವುದಕ್ಕೆ ವರ್ಷ ಹಿಡಿಯಿತು. ಪ್ರತಿ ಬದಲಾವಣೆಯನ್ನೂ ಅನಸೂಯ ಓಡಿಸಿ ನೋಡಿದ್ದಾರೆ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಇಲ್ಲಿ, ಹತ್ತಕ್ಕೆ ಶಿಷ್ಯೆಯರು, ಸಂಜೆ ಮನೆಗೆಲಸ. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುವುದು ರೂಢಿಯಾಗಿದೆ.

ನಾನು ಬಂದಿರುವ ದಿನ ಸಾಮಾನ್ಯದ್ದಲ್ಲ. ಇವತ್ತು ಮಧ್ಯಾಹ್ನ ಪೆಡಲಿನ ಸಾಫ್ಟ್‌ವೇರಿಗೆ ಬೀಗ ಬೀಳುತ್ತದೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ, ಹೇಗಿದೆಯೋ ಹಾಗೇ ಸಾವಿರಾರು ಗ್ಯಾರೇಜುಗಳಿಗೆ ಹೋಗುತ್ತದೆ. ಅನಸೂಯ ಸರಿ ಎಂದರೆ ಫ್ರಾಂಕ್ ಸಹಿ ಹಾಕುತ್ತಾನೆ. ಅನಸೂಯ ಸರಿ ಎನ್ನುತ್ತಿಲ್ಲ.

"ನನ್ನ ಕಾಲು ಈ ಕಾರಿಗೆ ಒಗ್ಗಿಬಿಟ್ಟಿದೆ," ಎಂದು ಕಾರಿಳಿದು ಹೇಳುತ್ತಾರೆ. "ಅದು ಹಾರೋ ಮುಂಚೆ ನನ್ನ ಕಾಲೇ ತಡೆದುಬಿಡುತ್ತೆ, ನನಗೇ ಗೊತ್ತಿಲ್ದೆ. ನಾನು ಸರಿ ಅಂದ್ರೆ ಅದು ಸುಳ್ಳು ಸರ್ಟಿಫಿಕೇಟ್ ಆಗುತ್ತೆ. ನಿಜವಾಗ್ಲೂ ಹೆದರೋ ಕಾಲು ಬೇಕು."

ಆ ಕಾಲು ಏಳೂಕಾಲಿಗೆ ಗೇಟಿನ ಹತ್ತಿರ ಬಂದಿಳಿಯುತ್ತದೆ. ಸುಧಾಮಣಿ. ಒಂದೂವರೆ ವರ್ಷದಿಂದ ಸ್ಟೀರಿಂಗ್ ಹಿಡಿಯದವರನ್ನು ಒಪ್ಪಿಸಲು ಅನಸೂಯ ಪಟ್ಟ ಪಾಡು ಇನ್ನೊಂದು ಲೇಖನಕ್ಕಾಗುವಷ್ಟಿದೆ. ಗಂಡನ ಕಾರಿನಿಂದ ಇಳಿದ ಆಕೆಯ ಬೆರಳುಗಳು ದುಪಟ್ಟಾದ ಅಂಚನ್ನು ಹಿಂಡುತ್ತಿವೆ.

"ಆಂಟಿ, ನನ್ ಕೈಲಿ ಆಗಲ್ಲ. ಇಷ್ಟು ದೊಡ್ಡ ಗಾಡಿ. ಏನಾದ್ರೂ ಆದ್ರೆ?"

"ಏನಾದ್ರೂ ಆದ್ರೆ ತಪ್ಪು ಕಾರಿಂದು, ನಿಂದಲ್ಲ. ಅದನ್ನ ನೋಡೋಕೇ ಕರೆಸಿರೋದು. ಏರು ಹತ್ತಿ ಗೋದಾಮಿನ ಒಳಗೆ ನಿಲ್ಲಿಸು, ಅಷ್ಟೇ. ನಿಮ್ಮನೆ ಗ್ಯಾರೇಜ್ ಅಂದ್ಕೋ."

"ನೀವು ಪಕ್ಕದಲ್ಲಿ ಕೂತ್ಕೋತೀರಲ್ವಾ?"

"ಇಲ್ಲ ಕಣೆ. ನಾನು ಕೂತ್ರೆ ನಿನ್ನ ಭಯ ಹೋಗ್ಬಿಡುತ್ತೆ."

ಪಕ್ಕದಲ್ಲಿ ಶಿವಪ್ರಕಾಶ್ ಕೂರುತ್ತಾರೆ. ಅವರ ಕೈಯಲ್ಲಿ ಇಂಜಿನ್ನನ್ನು ಒಮ್ಮೆಲೇ ನಿಲ್ಲಿಸುವ ಗುಂಡಿ. ಗೋದಾಮಿನ ಒಳಗಿದ್ದದ್ದನ್ನೆಲ್ಲ ಸರಿಸಿ ಖಾಲಿ ಮಾಡಿದ್ದಾರೆ, ಫ್ರಾಂಕನ ಮೇಜೂ ಸೇರಿ. ಸುಧಾಮಣಿಗೆ ಹೇಳದ ಸಂಗತಿ ಒಂದೇ: ನಾಲ್ಕು ಚಕ್ರಗಳ ಮುಂದೆಯೂ ಫ್ರಿಜ್ಜಿನಲ್ಲಿಟ್ಟ ನಿಂಬೆಹಣ್ಣುಗಳಿವೆ. ಮುಖ್ಯ ಕಚೇರಿಯವರು ಇದಕ್ಕೆಂದೇ ರಬ್ಬರಿನ ಹಣ್ಣು ಮಾಡಿಸಿ ಕಳಿಸಿದ್ದಾರೆ. ಇವತ್ತಿಗೆ ಅದು ಬೇಡವೆಂದದ್ದು ಅನಸೂಯ.

ನಾವು ಬದಿಯಲ್ಲಿ ನಿಲ್ಲುತ್ತೇವೆ. ನನ್ನ ಕಣ್ಣು ಕಾರಿನ ಮೇಲಿಲ್ಲ, ಅನಸೂಯ ಅವರ ಬಲಗಾಲಿನ ಮೇಲಿದೆ. ಇಷ್ಟು ವರ್ಷ ಎಲ್ಲ ಶಿಷ್ಯೆಯರ ಜತೆಗೂ ಅವರ ಕಾಲಡಿಯಲ್ಲಿ ಎರಡನೆಯ ಬ್ರೇಕ್ ಇತ್ತು. ಇವತ್ತು ಇರುವುದು ಡಾಂಬರು. ಬ್ರೇಕ್ ದೀಪ ಆರುತ್ತದೆ. ಕಾರು ಕದಲುವುದಿಲ್ಲ. ಅನಸೂಯ ಅವರ ಪಾದ ನೆಲವನ್ನು ಒತ್ತುತ್ತದೆ. ಇಂಜಿನ್ನಿನ ದನಿ ಚೂರು ಏರಿ, ಇಳಿದು, ಮತ್ತೆ ಏರುತ್ತದೆ. ಅದೇ ಅಳುಕು, ಒತ್ತಿ ಬಿಟ್ಟು ಒತ್ತುವ ಅದೇ ಕಾಲು.

ಪಚ್ ಎಂಬ ಸಣ್ಣ ಸದ್ದು. ಇನ್ನೊಂದು. ಕಾರು ಏರನ್ನು ಹತ್ತುತ್ತದೆ, ತುಂಬಿದ ಕೊಡ ಹೊತ್ತವರು ಮೆಟ್ಟಿಲು ಹತ್ತಿದಂತೆ. ಗೋದಾಮಿನೊಳಗೆ ಹೋಗಿ ನಿಲ್ಲುತ್ತದೆ. ಗಾಳಿಯಲ್ಲಿ ನಿಂಬೆಯ ವಾಸನೆ.

ಕಿಟಕಿ ಇಳಿಯುತ್ತದೆ. "ಆಂಟಿ, ನಿಲ್ಲಿಸಿದೆ. ಟೆಸ್ಟ್ ಯಾವಾಗ ಶುರು?"

"ಆಯ್ತು ಕಣೆ."

"ಏನಾಯ್ತು?"

"ಏನೂ ಆಗ್ಲಿಲ್ಲ. ಅದೇ ಟೆಸ್ಟ್."

ಸುಧಾಮಣಿ ಇಳಿದು ಬಂದು, ಹಿಂದೆ ಅಪ್ಪಚ್ಚಿಯಾಗಿ ಬಿದ್ದಿದ್ದ ನಾಲ್ಕು ಹಣ್ಣುಗಳನ್ನು ನೋಡಿ, ನಗುತ್ತ ನಗುತ್ತ ಅತ್ತುಬಿಡುತ್ತಾರೆ. ಫ್ರಾಂಕ್ ಅನಸೂಯ ಅವರ ಮುಖ ನೋಡುತ್ತಾನೆ. ಅವರು ತಲೆಯಾಡಿಸಿದ ಮೇಲೆ ಸಹಿ ಹಾಕಲು ಒಳಗೆ ಹೋಗುತ್ತಾನೆ.

ಈ ಕಾರು ಶೋರೂಮಿಗೆ ಬಂದಾಗ ಅದರ ಜಾಹೀರಾತಿನಲ್ಲಿ ಬೆಟ್ಟವಿರುತ್ತದೆ, ಬಿರುಗಾಳಿಯಿರುತ್ತದೆ. ಐದು ಮೈಲಿ ವೇಗ ಇರುವುದಿಲ್ಲ. ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. "ಬೇಜಾರ್ಯಾಕೆ? ಇದನ್ನ ಕೊಂಡೋಳು ಗ್ಯಾರೇಜಿಗೆ ಹತ್ತಿಸೋವಾಗ ಮಗು ಜತೆ ಮಾತಾಡ್ತಾನೇ ಇರ್ಬೇಕು. ಹೊಸ್ತಿಲು ದಾಟಿದ್ದೇ ಅವಳಿಗೆ ತಿಳೀಬಾರ್ದು. ನಾನಿದ್ದೆ ಅಂತ ಹೇಗೆ ತಿಳಿಯುತ್ತೆ? ತಿಳಿದ್ರೆ ನನ್ನ ಕೆಲಸ ಕೆಟ್ಟಿದೆ ಅಂತ." ಅವರ ಆಸೆ ಇಷ್ಟೇ.

ಒಂಬತ್ತು ಗಂಟೆಗೆ ಹೊರಡುತ್ತೇವೆ. ಸುಧಾಮಣಿಯ ಗಂಡ ಆಫೀಸಿಗೆ ಹೋಗಿಯಾಗಿದೆ. ನಮ್ಮಿಬ್ಬರನ್ನೂ ಮನೆ ಮುಟ್ಟಿಸಬೇಕಾದದ್ದು ಅನಸೂಯ ಅವರ ಎರಡು ಬ್ರೇಕಿನ ಹಳೆಯ ಕಾರು. ಸುಧಾಮಣಿ ಡ್ರೈವರ್ ಬದಿಯ ಬಾಗಿಲಿಗೆ ಬಂದು ಕೈ ಚಾಚುತ್ತಾರೆ.

"ಆಂಟಿ, ಕೀ ಕೊಡ್ತೀರಾ? ನಾನೇ ಡ್ರೈವ್ ಮಾಡ್ಲಾ?"

ಅನಸೂಯ ಕೀ ಕೊಟ್ಟು ಪಕ್ಕದ ಸೀಟಿಗೆ ಹೋಗುತ್ತಾರೆ. ಹಿಂದೆ ಕೂತ ನಾನು ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಳ್ಳುತ್ತೇನೆ. ಕಾರು ಸ್ಟಾರ್ಟ್ ಆಗುತ್ತದೆ, ಮುಂದೆ ಹೋಗುವುದಿಲ್ಲ. ಸುಧಾಮಣಿಯ ಕಣ್ಣು ರಸ್ತೆಯ ಮೇಲಿಲ್ಲ. ಅನಸೂಯ ಅವರ ಕಾಲಡಿಯ ಆ ಎರಡನೆಯ ಬ್ರೇಕಿನ ಮೇಲಿದೆ.

ಅನಸೂಯ ಅದನ್ನು ಕಂಡು, ತೆಳು ಅಟ್ಟೆಯ ಬೂಟುಗಳನ್ನು ಒಂದೊಂದಾಗಿ ಕಳಚಿಟ್ಟು, ನೋವಿನ ಮಂಡಿಯನ್ನು ಕೈಯಿಂದ ಎತ್ತಿಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

"ಹೋಗು ಕಣೆ," ಎನ್ನುತ್ತಾರೆ. "ನಾನು ಕಾಲು ಮಡಚಿ ಕೂತಿದೀನಿ."